ಪೋಕರ್ ಮೇಜಿನ ಮಾತು, ವ್ಯಾಪಾರಿಯ ಕಿವಿ

ಎದುರಿಗೆ ಕುಳಿತವರ ಮನಸ್ಸನ್ನು ಅವರ ಮಾತಿನಿಂದಲೇ ಅಳೆಯಬಲ್ಲೆವೆಂಬ ವಿಶ್ವಾಸ ವ್ಯಾಪಾರಸ್ಥರಲ್ಲಿ ಬಹುಮಂದಿಗೆ ಇದೆ. ಈ ವಿಶ್ವಾಸ ಎಷ್ಟರಮಟ್ಟಿಗೆ ಸಮರ್ಥನೀಯ ಎಂಬುದನ್ನು ಪರೀಕ್ಷಿಸಲು ಪೋಕರ್ ಎಂಬ ಇಸ್ಪೀಟಿನ ಆಟ ಉತ್ತಮ ನಿದರ್ಶನವಾಗಿದೆ. ಜೂಜನ್ನು ಪ್ರೋತ್ಸಾಹಿಸುವುದು ಈ ಲೇಖನದ ಉದ್ದೇಶವಲ್ಲ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ನಮ್ಮ ಸಂಸತ್ತು 2025ರಲ್ಲಿ ಅಂಗೀಕರಿಸಿದೆ. ಆದರೂ ಅಮೆರಿಕದ ಲಾಸ್ ವೇಗಾಸ್ ನಗರದಲ್ಲಿ 1970ರಲ್ಲಿ ಆರಂಭವಾದ 'ವರ್ಲ್ಡ್ ಸೀರೀಸ್ ಆಫ್ ಪೋಕರ್' ಸ್ಪರ್ಧೆಯ ಕೆಲವು ಪ್ರಸಂಗಗಳು ನಮಗೂ ಪಾಠ ಹೇಳುತ್ತವೆ.

ಈ ಆಟದ ಪ್ರಚಲಿತ ರೂಪದಲ್ಲಿ ಪ್ರತಿ ಆಟಗಾರನ ಬಳಿ ಎರಡು ಗುಪ್ತ ಎಲೆಗಳಿರುತ್ತವೆ. ಎಲ್ಲರಿಗೂ ಸಲ್ಲುವ ಐದು ಎಲೆಗಳನ್ನು ಮೇಜಿನ ಮೇಲೆ ಹಂತಹಂತವಾಗಿ ತೆರೆಯಲಾಗುತ್ತದೆ. ಎದುರಾಳಿ ಪಣ ಒಡ್ಡಿದಾಗ ಅದಕ್ಕೆ ಸರಿಗಟ್ಟಬೇಕು, ಇನ್ನೂ ಏರಿಸಬೇಕು, ಇಲ್ಲವೇ ಎಲೆ ಕೆಳಗಿಟ್ಟು ಹಿಂದೆ ಸರಿಯಬೇಕು. ಇಂತಹ ಸಂದಿಗ್ಧದಲ್ಲಿಯೇ ಅನುಭವಿಗಳು ಮಾತಿಗೆ ಎಳೆಯುತ್ತಾರೆ. ಅವರಿಗೆ ಬೇಕಾದದ್ದು ಉತ್ತರವಲ್ಲ, ಉತ್ತರಿಸುವ ರೀತಿ. ಅದುವರೆಗೆ ಹರಟುತ್ತಿದ್ದವನು ಏಕೆ ಥಟ್ಟನೆ ಮೌನವಾದ? ಮೌನಿಯಾಗಿದ್ದವನಿಗೆ ಈಗೇಕೆ ಇಷ್ಟು ಉತ್ಸಾಹ? ಈ ಬದಲಾವಣೆಯೇ ಅವರಿಗೆ ಸುಳಿವು. ದುರ್ಬಲನು ಬಲಶಾಲಿಯಂತೆಯೂ ಬಲಶಾಲಿಯು ದುರ್ಬಲನಂತೆಯೂ ನಟಿಸುವುದು ಸಾಮಾನ್ಯವೆಂದು ಮೈಕ್ ಕಾರೊ ಎಂಬ ಅಮೆರಿಕನ್ ಲೇಖಕರು 1984ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ್ದಾರೆ.

ಆದರೆ ಈ ಸೂತ್ರವನ್ನೇ ನಂಬಿ ಕುಳಿತರೆ ಅಪಾಯ ತಪ್ಪಿದ್ದಲ್ಲ. 2006ರ ಪ್ರಮುಖ ಸ್ಪರ್ಧೆಯಲ್ಲಿ 8,773 ಮಂದಿಯ ನಡುವೆ ಗೆದ್ದು 1 ಕೋಟಿ 20 ಲಕ್ಷ ಡಾಲರ್ ಬಹುಮಾನ ಪಡೆದ ಜೇಮಿ ಗೋಲ್ಡ್ ಎಡೆಬಿಡದೆ ಮಾತನಾಡುತ್ತಿದ್ದರು. ತಮ್ಮ ಕೈಯಲ್ಲಿರುವ ಎಲೆಗಳ ವಿಷಯದಲ್ಲಿ ಒಮ್ಮೆ ಸುಳ್ಳು ಹೇಳಿದರೆ ಮತ್ತೊಮ್ಮೆ ನಿಜವನ್ನೇ ಹೇಳಿಬಿಡುತ್ತಿದ್ದರು. ಮಾತುಗಾರನ ಮಾತೆಲ್ಲ ಸುಳ್ಳೆಂದು ತೀರ್ಮಾನಿಸಿದವರು ಅವರ ನಿಜಕ್ಕೇ ಬಲಿಯಾದರು.

ಇದಕ್ಕೆ ತದ್ವಿರುದ್ಧವಾದ ಪ್ರಸಂಗ 2003ರದು. ಅಂತಿಮವಾಗಿ ಉಳಿದ ಇಬ್ಬರಲ್ಲಿ ಒಬ್ಬರು ವೃತ್ತಿಪರ ಆಟಗಾರ ಸ್ಯಾಮಿ ಫರ್ಹಾ. ಇನ್ನೊಬ್ಬರು ಟೆನೆಸೀ ರಾಜ್ಯದ ಕ್ರಿಸ್ ಮನಿಮೇಕರ್. ಮನಿಮೇಕರ್ ಅವರ ವೃತ್ತಿ ಲೆಕ್ಕಪತ್ರ ಬರೆಯುವುದು ಎಂಬುದು ನನ್ನಂತಹವರಿಗೆ ಸ್ವಾರಸ್ಯದ ಸಂಗತಿ. ನಿರ್ಣಾಯಕ ಆಟವೊಂದರಲ್ಲಿ ಒಂದೇ ಗುರುತಿನ ಐದು ಎಲೆಗಳು ಕೂಡಬಹುದೆಂದು ಕಾದಿದ್ದ ಅವರಿಗೆ ಅದು ಕೂಡಲಿಲ್ಲ. ಕೈಯಲ್ಲಿ ಒಬ್ಬ ರಾಜನ ಹೊರತು ಹೇಳಿಕೊಳ್ಳುವಂಥದ್ದು ಏನೂ ಇಲ್ಲದಿದ್ದರೂ ತಮ್ಮಲ್ಲಿದ್ದುದನ್ನೆಲ್ಲ ಪಣಕ್ಕೆ ಒಡ್ಡಿದರು. ಒಂಬತ್ತರ ಜೋಡಿ ಹೊಂದಿದ್ದ ಫರ್ಹಾ, ಆ ಗುರುತಿನ ಎಲೆ ತಪ್ಪಿಹೋಯಿತಲ್ಲವೇ ಎಂದು ಕೆಣಕಿದರು. ಊಹೆ ಅಕ್ಷರಶಃ ಸರಿಯಾಗಿತ್ತು! ಆದರೆ ಮನಿಮೇಕರ್ ತುಟಿ ಬಿಚ್ಚಲಿಲ್ಲ, ಅವರ ಮುಖದಲ್ಲಿ ಯಾವ ಸುಳಿವೂ ದೊರೆಯಲಿಲ್ಲ. ಫರ್ಹಾ ಎಲೆ ಕೆಳಗಿಟ್ಟರು. 839 ಮಂದಿಯ ಆ ಸ್ಪರ್ಧೆಯನ್ನು ಗೆದ್ದ ಮನಿಮೇಕರ್ ಅವರಿಗೆ 25 ಲಕ್ಷ ಡಾಲರ್ ದೊರೆಯಿತು.

ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಮಾತಿಗೆ ತನ್ನಷ್ಟಕ್ಕೆ ತಾನೇ ಸಾಕ್ಷ್ಯದ ಮೌಲ್ಯವಿಲ್ಲ. ಆಡಿದವರ ಎಂದಿನ ನಡವಳಿಕೆಯೊಡನೆ, ಅವರು ಈವರೆಗೆ ಒಡ್ಡಿದ ಪಣದೊಡನೆ ತಾಳೆ ನೋಡಿದಾಗ ಮಾತ್ರ ಅದಕ್ಕೆ ಬೆಲೆ ಬರುತ್ತದೆ. ಆಡುವುದಕ್ಕೆ ಖರ್ಚಿಲ್ಲ, ಪಣ ಒಡ್ಡುವುದಕ್ಕೆ ಖರ್ಚಿದೆ.

ವ್ಯಾಪಾರದಲ್ಲಿ ಪಣಕ್ಕೆ ಸಮನಾದದ್ದು ಖಾತೆ ಪುಸ್ತಕ. ಉದ್ದರಿ ಕೇಳಲು ಬಂದ ಗಿರಾಕಿಯ ವಿನಯ, ಆತ್ಮವಿಶ್ವಾಸ, ದೊಡ್ಡ ಆದೇಶದ ಆಶ್ವಾಸನೆ ಇವೆಲ್ಲವೂ ಮೇಜಿನ ಮಾತುಗಳೇ. ಕಳೆದ ಹನ್ನೆರಡು ತಿಂಗಳುಗಳಲ್ಲಿ ಅವರಿಂದ ಎಷ್ಟು ದಿನಕ್ಕೆ ಹಣ ಬಂದಿದೆ, ಹಳೆಯ ಬಾಕಿ ಎಷ್ಟಿದೆ ಎಂಬುದನ್ನು ಮೊದಲು ನೋಡಬೇಕು. ಮಾತನ್ನು ಆಮೇಲೆ ಕೇಳಬೇಕು. ಸಕಾಲಕ್ಕೆ ಪಾವತಿ ಮಾಡುತ್ತಾ ಬಂದವರು ಹಠಾತ್ತನೆ ಭರವಸೆಗಳ ಮಳೆ ಸುರಿಸಿದರೆ ಎಚ್ಚರ ಅಗತ್ಯ. ಸದಾ ಹರಟುವವರ ಹರಟೆಯಿಂದ ಮಾತ್ರ ಏನನ್ನೂ ನಿರ್ಣಯಿಸಲಾಗದು.

ನಾವು ಉತ್ತರಿಸಬೇಕಾದ ಸಂದರ್ಭವೂ ಉಂಟು. "ಈ ದರದಲ್ಲಿ ನಿಮಗೆ ಎಷ್ಟು ಉಳಿಯುತ್ತದೆ? ಗೋದಾಮಿನಲ್ಲಿ ಮಾಲು ಬಹಳ ಉಳಿದಿರಬೇಕಲ್ಲ?" ಎಂದು ಖರೀದಿದಾರರು ನಗುತ್ತಾ ಕೇಳುವುದು ಫರ್ಹಾ ಅವರ ಕೆಣಕುವಿಕೆಯಂಥದೇ. ಇದಕ್ಕೆ ಸುಳ್ಳು ಹೇಳಬೇಕಾಗಿಲ್ಲ. ಪೋಕರಿನಲ್ಲಿ ವಂಚನೆ ಆಟದ ಅಂಗ, ಅಲ್ಲಿಗೆ ಆಟ ಮುಗಿಯಿತು. ಮಾರುಕಟ್ಟೆಯಲ್ಲಿ ಅದೇ ಗಿರಾಕಿಯನ್ನು ನಾಳೆಯೂ ಎದುರಿಸಬೇಕು. ಆದ್ದರಿಂದ ಕನಿಷ್ಠ ದರವನ್ನು ಮುಂಚಿತವಾಗಿ ನಿಶ್ಚಯಿಸಿ ಬರೆದಿಟ್ಟುಕೊಂಡು, ಕೇಳಿದ್ದಕ್ಕೆಲ್ಲ ಉತ್ತರಿಸುವ ಆತುರವನ್ನು ಬಿಡುವುದು ಲೇಸು. ಮಾತು ಬೆಳ್ಳಿ, ಮೌನ ಬಂಗಾರ ಎಂದ ಹಿರಿಯರು ಲೆಕ್ಕ ತಿಳಿದವರೇ ಆಗಿದ್ದಿರಬೇಕು.