ಕಿಡ್ನಿ ಪಟ್ಟಿಯಲ್ಲಿ ಬಣ್ಣದ ಲೆಕ್ಕ

ಕಾಲೇಜು ಪ್ರವೇಶದಲ್ಲಿ ಜನಾಂಗ ನೋಡುವ ಪದ್ಧತಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲಿ ರದ್ದು ಮಾಡಿದಾಗ ನಮ್ಮಲ್ಲೂ ಕೆಲವರು ಕುಣಿದಾಡಿದ್ರು. "ನೋಡಿ, ಅಮೆರಿಕಾನೇ ಮೀಸಲಾತಿ ತೆಗೆದುಹಾಕ್ತು" ಅಂತ ಈಗಲೂ ವಾಟ್ಸಾಪ್‌ನಲ್ಲಿ ಕಳಿಸ್ತಾನೇ ಇದಾರೆ. (ಅಲ್ಲಿನ ಕಾಲೇಜುಗಳಲ್ಲಿ ಸೀಟು ಮೀಸಲಿಡೋದು 1978ರ ತೀರ್ಪಿನಲ್ಲೇ ಹೋಗಿತ್ತು. ಇರಲಿ ಬಿಡಿ.)

ಅದೇ ದೇಶದ, ಅದೇ ವರ್ಷದ ಇನ್ನೊಂದು ಸಂಗತಿ ಕೇಳಿ.

ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ ಅನ್ನೋದನ್ನ ರಕ್ತದ ಕ್ರಿಯಾಟಿನಿನ್ ನೋಡಿ ಒಂದು ಸೂತ್ರದಿಂದ ಲೆಕ್ಕ ಹಾಕ್ತಾರೆ. ಅಮೆರಿಕದಲ್ಲಿ ಬಳಸುತ್ತಿದ್ದ ಸೂತ್ರಗಳಲ್ಲಿ ರೋಗಿ ಕಪ್ಪು ಜನಾಂಗದವರಾದರೆ ಬಂದ ಅಂಕಿಯನ್ನು ಹೆಚ್ಚಿಸಬೇಕಿತ್ತು. 2009ರ ಸೂತ್ರದಲ್ಲಿ 1.159ರಿಂದ ಗುಣಿಸೋದು. ಕಪ್ಪು ಜನರ ಮೈಯಲ್ಲಿ ಮಾಂಸಖಂಡ ಜಾಸ್ತಿ ಅನ್ನೋದು ಅದಕ್ಕೆ ಕೊಟ್ಟ ಕಾರಣ. ಡಯಾಲಿಸಿಸ್ ಶುರುವಾಗದವರಿಗೆ ಕಸಿಯ ಸರದಿ ಎಣಿಕೆ ಆರಂಭವಾಗೋದು ಈ ಅಂಕಿ 20ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದಾಗ. ಬಿಳಿ ಗಂಡಸಿಗೆ 18 ಬಂತು, ಸರದಿ ಶುರು. ಅದೇ ವಯಸ್ಸಿನ, ಅಷ್ಟೇ ಕ್ರಿಯಾಟಿನಿನ್ ಇರುವ ಕಪ್ಪು ಗಂಡಸಿಗೆ 20.9. ನಿನ್ನ ಕಿಡ್ನಿ ಇನ್ನೂ ಚೆನ್ನಾಗಿದೆ, ಕಾಯಪ್ಪ!

ನಾನು ಆಫೀಸಿನಲ್ಲಿ ಗುಮಾಸ್ತ. ಜ್ಯೇಷ್ಠತಾ ಪಟ್ಟಿಯಲ್ಲಿ ಒಂದು ದಿನಾಂಕ ಹಿಂದೆಮುಂದೆ ಆದರೆ ಏನಾಗುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿ ತಡ ಆಗಿದ್ದು ಬಡ್ತಿ ಅಲ್ಲ, ಜೀವ.

2021ರಲ್ಲಿ ತಜ್ಞರ ಸಮಿತಿ ಜನಾಂಗದ ಲೆಕ್ಕ ಕೈಬಿಡಿ ಅಂತು. ಅಷ್ಟಕ್ಕೇ ನಿಲ್ಲಿಸಿದ್ರೆ "ಬಣ್ಣ ನೋಡಬೇಡಿ" ಅನ್ನೋರಿಗೆ ಖುಷಿ ಆಗ್ತಿತ್ತು, ಹಳೇ ಸೂತ್ರದಿಂದ ಹಿಂದೆ ಬಿದ್ದವರು ಮಾತ್ರ ಹಿಂದೆಯೇ ಉಳೀತಿದ್ರು. ಅಂಗಾಂಗ ಹಂಚಿಕೆಯ ರಾಷ್ಟ್ರೀಯ ಜಾಲ ಅಲ್ಲಿಗೆ ನಿಲ್ಲಿಸಲಿಲ್ಲ. 2023ರ ಜನವರಿಯಲ್ಲಿ ಆಸ್ಪತ್ರೆಗಳಿಗೆ ಒಂದು ವರ್ಷ ಗಡುವು ಕೊಟ್ಟಿತು: ಪಟ್ಟಿಯಲ್ಲಿರುವ ಕಪ್ಪು ರೋಗಿಗಳ ಹಳೇ ದಾಖಲೆ ತೆಗೀರಿ, ಅನ್ಯಾಯ ಆಗಿದ್ರೆ ಸರದಿಯ ದಿನಾಂಕ ತಿದ್ದಿ. 2024ರ ಮಾರ್ಚ್ ಹೊತ್ತಿಗೆ 14,000ಕ್ಕೂ ಹೆಚ್ಚು ಜನರಿಗೆ ಸರಾಸರಿ ಎರಡು ವರ್ಷದ ಸರದಿ ವಾಪಸ್ ಸಿಕ್ತು. ಅಷ್ಟರೊಳಗೆ ಸತ್ತವರಿಗೆ ಏನು ವಾಪಸ್ ಕೊಡ್ತಾರೆ?

ಬಣ್ಣ ನೋಡಿ ಕಿತ್ತುಕೊಂಡಿದ್ದನ್ನು ಬಣ್ಣ ನೋಡದೆ ಯಾರಿಗೆ ಅಂತ ಹಿಂದಿರುಗಿಸೋದು? ರೋಗಿಯ ಜನಾಂಗ ದಾಖಲೆಯಲ್ಲಿ ಇಲ್ಲದೇ ಹೋಗಿದ್ರೆ ಆ 14,000 ಜನರನ್ನು ಹುಡುಕೋಕೇ ಆಗ್ತಿರಲಿಲ್ಲ.

ನಮ್ಮಲ್ಲೂ "ಜಾತಿ ಕಾಲಂ ತೆಗೆದುಬಿಡಿ" ಅನ್ನೋ ಪ್ರಗತಿಪರರು ಇದ್ದಾರಲ್ಲ, ಅವರಿಗೊಂದು ಪ್ರಶ್ನೆ. ನಮ್ಮ ಎಸ್‌ಸಿ, ಎಸ್‌ಟಿ ನೌಕರರ ಬಡ್ತಿ ಜ್ಯೇಷ್ಠತೆಯ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಹೊಡೆದುಹಾಕಿದ್ದು ಅಂಕಿಅಂಶ ಇಲ್ಲ ಅಂತ. ರತ್ನಪ್ರಭಾ ಸಮಿತಿ ಲೆಕ್ಕ ಕೊಟ್ಟ ಮೇಲೆ ಬಂದ ಹೊಸ ಕಾಯ್ದೆ 2019ರಲ್ಲಿ ಅದೇ ಕೋರ್ಟಿನಲ್ಲಿ ಉಳೀತು. ಜಾತಿ ಕಾಲಂ ಇಲ್ಲದೇ ಇದ್ದಿದ್ರೆ ಆ ಸಮಿತಿ ಏನನ್ನು ಎಣಿಸಬೇಕಿತ್ತು ಹೇಳಿ?

ಜೈಭೀಮ್.