ಬಾಣಂತಿಯರ ಲೈವ್ ಆಪ್‌ನಲ್ಲಿ ಗಿಫ್ಟ್ ಬಟನ್ ಯಾಕೆ ಬೇಡ

(1/3)
ಫೋಟೋದಲ್ಲಿರೋದು ನಮ್ಮನೆ ಬಾಣಂತಿ ಕೋಣೆಯ ಕಿಟಕಿ. ಅಕ್ಕ ಹೆರಿಗೆಗೆ ಬಂದಿದ್ದಾಳೆ. ಮಗು ಫೋಟೋ ಹಾಕು ಅಂತ ಡಿಎಂ ಮಾಡ್ಬೇಡಿ, ಹಾಕಲ್ಲ. ಯಾಕೆ ಅಂತ ಓದ್ತಾ ಹೋದ್ರೆ ಗೊತ್ತಾಗುತ್ತೆ.

ನಮ್ಮ ಕ್ಲಾಸ್‌ನವರಿಗೆ ಗೊತ್ತಿರೋದೇ, ಬೇರೆಯವರಿಗೆ ಹೇಳ್ತೀನಿ. ಈ ಸೆಮಿಸ್ಟರ್‌ಗೆ ಒಂದು ಬಿಸಿನೆಸ್ ಪ್ಲಾನ್ ಕೊಡ್ಬೇಕು. ನಮ್ಮ ಟೀಮ್ ಆರಿಸಿದ್ದು ಗರ್ಭಿಣಿಯರಿಗೆ, ಹೊಸದಾಗಿ ಅಪ್ಪ-ಅಮ್ಮ ಆದವರಿಗೆ ಅಂತಲೇ ಒಂದು ಲೈವ್ ಸ್ಟ್ರೀಮಿಂಗ್ ಆಪ್. ಐಡಿಯಾ ನಂಗೆ ತುಂಬಾ ಇಷ್ಟ. ಜಗಳ ಇರೋದು ಒಂದೇ ಬಟನ್ ಬಗ್ಗೆ.

ಮೊದಲು ಇಂಥ ಆಪ್ ಯಾಕೆ ಬೇಕು ಅಂತ ಹೇಳ್ಬಿಡ್ತೀನಿ. ಬಾಣಂತಿ ಮನೇಲಿ ಹಗಲು ಜನಕ್ಕೇನೂ ಬರ ಇಲ್ಲ. ಎಣ್ಣೆ-ನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಎಲ್ಲಾ ಟೈಮ್‌ಗೆ ಸರಿಯಾಗಿ ನಡೆಯುತ್ತೆ. ಆದ್ರೆ ರಾತ್ರಿ ಎರಡು ಗಂಟೆಗೆ ಮಗು ಸರಿಯಾಗಿ ಹಾಲು ಕುಡೀತಿಲ್ಲ ಅಂದ್ರೆ "ನಿನ್ನ ಮಗೂನೂ ಹೀಗೇನಾ?" ಅಂತ ಯಾರನ್ನ ಕೇಳೋದು? ಅಪ್ಪ ಆದವನ ಕಥೆ ಇನ್ನೊಂದು. ಪ್ರೈವೇಟ್ ಕಂಪನಿಯಲ್ಲಿ ಅವನಿಗೆ ರಜೆ ಕೊಡಲೇಬೇಕು ಅಂತ ನಮ್ಮಲ್ಲಿ ಕಾನೂನೇ ಇಲ್ಲ. ಅವನು ಬೇರೆ ಊರಲ್ಲಿ ಪಿಜಿ ರೂಮಲ್ಲಿ ಕೂತು ವಿಡಿಯೋ ಕಾಲ್‌ನಲ್ಲಿ ಮಗು ನೋಡ್ಬೇಕು.

ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಪ್ರಪಂಚದಲ್ಲಿ ಹೆರಿಗೆಯಾದ ಹೆಂಗಸರಲ್ಲಿ ಸುಮಾರು ಶೇ 13 ಜನಕ್ಕೆ ಮಾನಸಿಕ ಸಮಸ್ಯೆ ಕಾಣುತ್ತೆ, ಅದರಲ್ಲಿ ಖಿನ್ನತೆಯೇ ಹೆಚ್ಚು. ಅಭಿವೃದ್ಧಿಶೀಲ ದೇಶಗಳಲ್ಲಿ ಶೇ 19.8. ಅಂದ್ರೆ ಐದು ಬಾಣಂತಿಯರಲ್ಲಿ ಹತ್ತಿರಹತ್ತಿರ ಒಬ್ಬಳು. ಇವರಿಗೆ ಬೇಕಿರೋದು ಆ ಹೊತ್ತಲ್ಲಿ ಎಚ್ಚರ ಇರೋ ಇನ್ನೊಬ್ಬ ಮನುಷ್ಯ. ಹಾಗಾಗಿ ಲೈವ್ ಅನ್ನೋದು ಸರಿಯಾದ ಯೋಚನೆನೇ.

(2/3)
ಈಗ ಜಗಳಕ್ಕೆ ಬರೋಣ. ಟೀಮ್‌ನವರು ಹೇಳೋದು, ದುಡ್ಡು ಗಿಫ್ಟ್‌ನಿಂದ ಬರ್ಲಿ ಅಂತ. ನೋಡೋರು ಕಾಯಿನ್ ಕೊಂಡು ಗುಲಾಬಿ, ತೊಟ್ಟಿಲು, ಗಿಲಕಿ ಕಳಿಸ್ತಾರೆ. 100 ರೂಪಾಯಿ ಕಾಯಿನ್‌ನಲ್ಲಿ ಆಪ್ ಸ್ಟೋರ್ 15ರಿಂದ 30 ರೂಪಾಯಿ ಕಿತ್ಕೊಳುತ್ತೆ, ಆಮೇಲೆ ನಮ್ಮ ಪಾಲು, ಉಳಿದಿದ್ದು ಅಮ್ಮನಿಗೆ. ಎಕ್ಸೆಲ್ ಶೀಟಲ್ಲಿ ಸಖತ್ತಾಗಿ ಕಾಣುತ್ತೆ.

ಆದ್ರೆ ಸ್ವಲ್ಪ ಯೋಚ್ನೆ ಮಾಡಿ. ಗಿಫ್ಟ್ ಯಾವಾಗ ಜಾಸ್ತಿ ಬರುತ್ತೆ? ಅಮ್ಮ ಒಬ್ಬಳೇ ಕೂತು "ನಿದ್ದೆ ಇಲ್ಲ, ಅಳು ಬರುತ್ತೆ" ಅಂದಾಗಲಾ, ಮಗು ಕ್ಯಾಮೆರಾ ನೋಡಿ ನಕ್ಕಾಗಲಾ? ಉತ್ತರ ನಿಮಗೂ ಗೊತ್ತು. ಎರಡು ವಾರದಲ್ಲಿ ಆಪ್ ಅವಳಿಗೆ ಪಾಠ ಕಲಿಸಿರುತ್ತೆ: ಮಗು ತೋರಿಸು, ದುಡ್ಡು ಬರುತ್ತೆ. ಯಾರೂ ಬಾಯಿಬಿಟ್ಟು ಹೇಳ್ಬೇಕಿಲ್ಲ, ಬಟನ್ನೇ ಹೇಳುತ್ತೆ.

"ಅಮ್ಮಂದಿರು ನಾಲ್ಕು ಕಾಸು ಮಾಡ್ಕೊಂಡ್ರೆ ನಿಂಗೇನಮ್ಮಾ ಕಷ್ಟ?" ಅಂತ ಟೀಮ್‌ನಲ್ಲಿ ಒಬ್ಬ ಕೇಳ್ದ. ನ್ಯಾಯವಾದ ಪ್ರಶ್ನೆ. ಕೆಲಸ ಬಿಟ್ಟು ಮನೇಲಿರೋಳಿಗೆ ಆ ದುಡ್ಡು ಸಣ್ಣದಲ್ಲ. ಅವಳು ಅಡುಗೆ ಲೈವ್ ಮಾಡ್ಲಿ, ಟ್ಯೂಷನ್ ಲೈವ್ ಮಾಡ್ಲಿ, ನಾನೇ ಗಿಫ್ಟ್ ಕಳಿಸ್ತೀನಿ. ಇಲ್ಲಿ ದುಡಿಯೋದು ಅವಳಲ್ಲ, ಮಾತೇ ಬಾರದ ಮಗು. 2023ರ ಡೇಟಾ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಡೇಟಾಗೆ ಅಪ್ಪ-ಅಮ್ಮನ ಒಪ್ಪಿಗೆ ಬೇಕು ಅನ್ನುತ್ತೆ. ನಮ್ಮ ಆಪ್‌ನಲ್ಲಿ ಒಪ್ಪಿಗೆ ಕೊಡೋರೂ ಅವರೇ, ಗಿಫ್ಟ್ ಎಣಿಸೋರೂ ಅವರೇ. ಇದೆಂಥ ಒಪ್ಪಿಗೆ ಗುರು?

ಹಳೇ ಕಾಲದವರು ದೃಷ್ಟಿ ಆಗುತ್ತೆ ಅಂತ ಮಗುನ ಸೆರಗಲ್ಲಿ ಮುಚ್ಚೋರು. ನಾವು ನಕ್ಕಿದ್ದೀವಿ. ನಂಗೆ ದೃಷ್ಟಿಯಲ್ಲಿ ನಂಬಿಕೆ ಇಲ್ಲ, ಸ್ಕ್ರೀನ್‌ಶಾಟ್‌ನಲ್ಲಿ ಇದೆ.

(3/3)
ಹಾಗಾದ್ರೆ ದುಡ್ಡೆಲ್ಲಿಂದ? ಜಾಹೀರಾತು ಅಂದ್ರು. ಹಾಲಿನ ಪುಡಿ, ಫೀಡಿಂಗ್ ಬಾಟಲಿ ಕಂಪನಿಗಳು ಕ್ಯೂ ನಿಲ್ತವೆ ಅಂತ. ಆಗಲ್ಲ ಮಗಾ. 1992ರ ಕಾಯ್ದೆ, 2003ರ ತಿದ್ದುಪಡಿ ಪ್ರಕಾರ ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಆಹಾರ, ಬಾಟಲಿ ಯಾವುದಕ್ಕೂ ಜಾಹೀರಾತು ಕೊಡೋ ಹಾಗಿಲ್ಲ.

ಇನ್ನೊಬ್ಬ ಅಮೆರಿಕದ ವಿಡಿಯೋ ನೋಡಿ "ಜೆಂಡರ್ ರಿವೀಲ್ ಲೈವ್" ಅಂತ ಒಂದು ಸ್ಲೈಡ್ ಮಾಡಿದ್ದ, ಬಲೂನ್ ಸಮೇತ. ಹುಟ್ಟೋ ಮುಂಚೆ ಲಿಂಗ ಪತ್ತೆ ಮಾಡಿ ಹೇಳೋದು 1994ರ ಕಾಯ್ದೆ ಪ್ರಕಾರ ಅಪರಾಧ. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ನಡೀತಿತ್ತು ಅಂತ ಬಯಲಾಗಿದ್ದು ಮರೆತ್ರಾ? ಆ ಸ್ಲೈಡ್ ಅವತ್ತೇ ಡಿಲೀಟ್ ಮಾಡಿಸಿದೆ.

ನಾನು ಹೇಳ್ತಿರೋದು ಇಷ್ಟು. ರೂಮ್ ಚಿಕ್ಕದಿರ್ಲಿ, ಎಂಟೇ ಜನ, ಹೆಚ್ಚುಕಮ್ಮಿ ಒಂದೇ ತಿಂಗಳಲ್ಲಿ ಹೆರಿಗೆ ಆದವರು. ಕ್ಯಾಮೆರಾ ಇರೋದೇ ಬೇಡ, ಬರೀ ಧ್ವನಿ. ಕತ್ತಲೆ ಕೋಣೇಲಿ, ತಲೆಗೆ ಬಟ್ಟೆ ಕಟ್ಕೊಂಡು ಕೂತೋರಿಗೆ ಅದೇ ಆರಾಮ. ಎಷ್ಟು ಜನ ನೋಡ್ತಿದ್ದಾರೆ ಅನ್ನೋ ನಂಬರ್ ಬೇಡ, ರೆಕಾರ್ಡಿಂಗ್ ಬೇಡ. ಅಪ್ಪಂದಿರಿಗೂ ಒಂದು ರೂಮ್. ರೂಮ್‌ನಲ್ಲಿ ತರಬೇತಿ ಇರೋ ನರ್ಸ್ ಒಬ್ಬರು ಇರಲೇಬೇಕು, ಯಾಕಂದ್ರೆ ಲೈವ್‌ನಲ್ಲಿ ಆಡಿದ ಮಾತು ವಾಪಸ್ ಬರಲ್ಲ. ಯಾರೋ "ಜೇನು ನೆಕ್ಕಿಸಿ, ಸರಿಹೋಗುತ್ತೆ" ಅಂದ್ರೆ, ಒಂದು ವರ್ಷದೊಳಗೆ ಜೇನು ಕೊಡಬಾರದು ಅಂತ ತಕ್ಷಣ ಹೇಳೋರು ಬೇಕು. ಯಾರಾದ್ರೂ ಬದುಕೋದೇ ಬೇಡ ಅನಿಸ್ತಿದೆ ಅಂದ್ರೆ, ಟೆಲಿ ಮಾನಸ್ ಸಹಾಯವಾಣಿ 14416 ಒಂದೇ ಒತ್ತಿಗೆ ಹೋಗ್ಬೇಕು. ಅದು ಉಚಿತ, ಕನ್ನಡದಲ್ಲೂ ಮಾತಾಡ್ತಾರೆ.

ನರ್ಸ್ ಸಂಬಳವೇ ನಮ್ಮ ದೊಡ್ಡ ಖರ್ಚು. ಅದನ್ನ ಕಂಪನಿಗಳ ಹತ್ರ ತಗೋಳೋಣ. 2017ರಿಂದ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ಕೊಡ್ತಿದ್ದಾರಲ್ಲ, ಅವಳು ನೆಮ್ಮದಿಯಾಗಿ ಕೆಲಸಕ್ಕೆ ವಾಪಸ್ ಬರೋದು ಅವರಿಗೂ ಲಾಭವೇ. ಉದ್ಯೋಗಿಗೆ ಇಷ್ಟು ಅಂತ ವರ್ಷದ ಚಂದಾ.

ಇದರಲ್ಲಿ ಒಂದು ತೂತಿದೆ, ಮುಚ್ಚಿಡಲ್ಲ. ಬೀಡಿ ಕಟ್ಟೋಳಿಗೆ, ಕೂಲಿಗೆ ಹೋಗೋಳಿಗೆ ಯಾವ ಕಂಪನಿ ಚಂದಾ ಕಟ್ಟುತ್ತೆ? ಐದು ಚಂದಾ ರೂಮ್‌ಗೆ ಒಂದು ಫ್ರೀ ರೂಮ್ ಅಂತ ಹಾಕಿ ನೋಡ್ದೆ, ಮೂರನೇ ವರ್ಷದವರೆಗೂ ನಷ್ಟವೇ ತೋರಿಸ್ತಿದೆ. ಆದ್ರೂ ನನ್ನ ವೋಟು ಆ ನಷ್ಟಕ್ಕೇ. ಗಿಫ್ಟ್ ಬಟನ್ ಇದ್ರೆ ಸ್ಲೈಡ್‌ನಿಂದ ನನ್ನ ಹೆಸರು ತೆಗೀರಿ ಅಂತ ಹೇಳಿ ಆಗಿದೆ.

ಸೋಮವಾರ ಟೀಮ್ ಮೀಟಿಂಗ್. ಅಷ್ಟರಲ್ಲಿ ನಿಮ್ಮನೇಲಿ ಅಕ್ಕನೋ ಅತ್ತಿಗೆಯೋ ಬಾಣಂತಿ ಇದ್ರೆ ಒಂದು ಮಾತು ಕೇಳಿ ಡಿಎಂ ಮಾಡಿ: ರಾತ್ರಿ ಮಾತಾಡೋಕೆ ಎಷ್ಟು ಜನ ಇದ್ರೆ ಸಾಕು? ಎಂಟು ಅನ್ನೋದು ನಾನು ಅಂದಾಜಲ್ಲಿ ಹಾಕಿರೋ ನಂಬರ್.