ಯಾವ ಲೆನ್ಸ್ ತಗೊಳ್ಳಲಿ ಎಂದು ಕೇಳುವವರಿಗೆ

ನಮ್ಮ ಚಿಕ್ಕಪ್ಪನ ಮಗ ಮೂರು ತಿಂಗಳಿಂದ ಒಂದೇ ಪ್ರಶ್ನೆ ಹಿಡಿದುಕೊಂಡು ಕೂತಿದ್ದಾನೆ. ಸೋನಿಯ 200-600 ಕೊಳ್ಳುವುದೋ, ಅದೇ ಕ್ಯಾಮೆರಾಗೆ ಕೂರುವ ಸಿಗ್ಮಾದ 150-600 ಸಾಕೋ, ಇಲ್ಲ ಇರುವ ಸೋನಿ ಬಾಡಿಯನ್ನೇ ಮಾರಿ ನಿಕಾನ್‌ಗೆ ಹಾರಿ ಅವರ 180-600 ಹಿಡಿಯುವುದೋ. ಕೊಪ್ಪದಲ್ಲಿ ಬೈಲಕುಪ್ಪೆ ಕಡೆಗೆ ರಸ್ತೆ ತಿರುಗುವಲ್ಲಿ ಭಾನುವಾರ ಚಹಾ ಕುಡಿಯುತ್ತ ನಿಂತರೆ ಇದಕ್ಕೆ ಉತ್ತರ ಹೇಳುವವರು ಹತ್ತು ಜನ ಸಿಗುತ್ತಾರೆ. ಬೆಳಿಗ್ಗೆ ವೀರನಹೊಸಹಳ್ಳಿಯಲ್ಲಿ ನಾಗರಹೊಳೆ ಸಫಾರಿ ಮುಗಿಸಿ ಮಧ್ಯಾಹ್ನ ಗೋಲ್ಡನ್ ಟೆಂಪಲ್ ನೋಡಲು ಬಂದವರು. ಹೆಗಲಲ್ಲಿ ಒನಕೆ ಗಾತ್ರದ ಲೆನ್ಸು. ಒಬ್ಬೊಬ್ಬರಿಗೂ ಒಂದೊಂದು ಕುಲದೇವರು. ತಮ್ಮ ಎಲ್ಲರ ಮಾತನ್ನೂ ಕೇಳಿಕೊಂಡು ಬಂದು ರಾತ್ರಿ ನನಗೆ ಫೋನ್ ಮಾಡುತ್ತಾನೆ: ‘ಅಕ್ಕಾ, ನೀನೇ ಹೇಳು.’

ಸಾಹಿತ್ಯದ ಪತ್ರಿಕೆಯಲ್ಲಿ ಲೆನ್ಸಿನ ಮಾತೇಕೆ ಎನ್ನಬೇಡಿ. ತೇಜಸ್ವಿಯವರನ್ನು ಓದಿ ಬೆಳೆದ ನಮ್ಮಲ್ಲಿ ಅನೇಕರು ಪುಸ್ತಕದಿಂದ ಹಕ್ಕಿಯ ಕಡೆಗೂ ಹಕ್ಕಿಯಿಂದ ಕ್ಯಾಮೆರಾ ಕಡೆಗೂ ಹೋದವರೇ. ನನ್ನ ತಕರಾರು ಕ್ಯಾಮೆರಾದ ಮೇಲಲ್ಲ, ಈ ಜಗಳದ ಮೇಲೆ. ಇದು ಸುಳ್ಳು ಜಗಳ.

ಮೊದಲು ಗಾಜಿನ ಲೆಕ್ಕ ನೋಡಿ. ಈ ಮೂರೂ ಲೆನ್ಸುಗಳು 600 ಎಂಎಂ ತುದಿಯಲ್ಲಿ ಎಫ್ 6.3. 600ನ್ನು 6.3ರಿಂದ ಭಾಗಿಸಿದರೆ ಸುಮಾರು 95. ಬೆಳಕು ಒಳಹೋಗುವ ಕಿಂಡಿ ಅಷ್ಟು ಮಿಲಿಮೀಟರ್ ಅಗಲ ಇರಲೇಬೇಕು. ಈಗ ಮೂರು ಲೆನ್ಸುಗಳ ಮುಂದಿನ ಫಿಲ್ಟರ್ ಅಳತೆ ನೋಡಿ: 95, 95, 95. ತೂಕ ಮೂರರದ್ದೂ ಎರಡು ಕಿಲೋ ಆಸುಪಾಸು. ಕ್ಯಾನನ್‌ನ 100-500 ಮಾತ್ರ ಒಂದೂವರೆ ಕಿಲೋಗಿಂತ ಕಡಿಮೆ. ಅದರಲ್ಲಿ ಪವಾಡವೇನಿಲ್ಲ, ಅದು 500ಕ್ಕೇ ನಿಲ್ಲುತ್ತದೆ, ಅಲ್ಲಿ ಎಫ್ 7.1. ಭಾಗಿಸಿದರೆ 70, ಅದಕ್ಕೇ 77ರ ಫಿಲ್ಟರ್ ಸಾಕಾಗಿದೆ. ಬೆಳಕಿಗೆ ಕಂಪನಿಯ ಹೆಸರು ಗೊತ್ತಿಲ್ಲ. ಎಫ್ 5.6ಕ್ಕೂ 6.3ಕ್ಕೂ ಇರುವ ಅಂತರ ಒಂದು ಸ್ಟಾಪಿನ ಮೂರನೇ ಒಂದು ಭಾಗ, ಅಂದರೆ ಐಎಸ್‌ಒ 3200 ಇದ್ದದ್ದು 4000 ಆಗುತ್ತದೆ. ಮುಂಜಾವದ ಕಾಡಿನಲ್ಲಿ ಈ ವ್ಯತ್ಯಾಸ ಕಂಡುಹಿಡಿಯುತ್ತೇನೆ ಎನ್ನುವವರಿಗೆ ಎರಡು ಚಿತ್ರ ಹೆಸರಿಲ್ಲದೆ ತೋರಿಸಿ ನೋಡಿ. 500 ಮತ್ತು 600ರ ನಡುವೆ? 600ರಲ್ಲಿ ಮೂವತ್ತು ಮೀಟರ್ ದೂರದಿಂದ ಸಿಗುವ ಗಾತ್ರ 500ರಲ್ಲಿ ಇಪ್ಪತ್ತೈದು ಮೀಟರಿನಿಂದ ಸಿಗುತ್ತದೆ. ಐದು ಮೀಟರ್, ಅಂದರೆ ಏಳು ಹೆಜ್ಜೆ. ಈ ಏಳು ಹೆಜ್ಜೆಯ ಮಾತಿಗೆ ಮತ್ತೆ ಬರುತ್ತೇನೆ.

ಇನ್ನು ಎಂಟಿಎಫ್ ಗೆರೆಗಳು. ತಮ್ಮ ಅವನ್ನು ಪರೀಕ್ಷೆಗೆ ಓದುವವನ ಹಾಗೆ ಓದುತ್ತಾನೆ. ಕಂಪನಿಗಳು ಅಚ್ಚುಹಾಕುವ ಆ ಗೆರೆಗಳಲ್ಲಿ ಬಹುಪಾಲು ವಿನ್ಯಾಸದ ಲೆಕ್ಕದಿಂದ ಬಂದವು, ನಿಮ್ಮ ಕೈಗೆ ಬರುವ ಲೆನ್ಸನ್ನು ಅಳೆದು ಬರೆದವಲ್ಲ. ಒಬ್ಬರ ಗೆರೆಯನ್ನು ಇನ್ನೊಬ್ಬರ ಗೆರೆಯ ಪಕ್ಕ ಇಟ್ಟು ತೀರ್ಪು ಕೊಡುವುದು, ಎರಡು ವಿಶ್ವವಿದ್ಯಾಲಯಗಳ ಅಂಕಪಟ್ಟಿ ಇಟ್ಟುಕೊಂಡು ಜಾಣರನ್ನು ಆರಿಸಿದ ಹಾಗೆ. (ಅದನ್ನೂ ಮಾಡುತ್ತಾರೆ, ಬಿಡಿ.)

ಎಲ್ಲಕ್ಕಿಂತ ಮುಖ್ಯ ಸಂಗತಿಯನ್ನು ಲೆನ್ಸ್ ಪಂಡಿತರು ಕಡೆಯಲ್ಲಿ ಹೇಳುತ್ತಾರೆ. ಆಯ್ಕೆ ಯಾವಾಗಲೋ ಮುಗಿದಿರುತ್ತದೆ. ಬಾಡಿ ಕೊಂಡ ದಿನವೇ ಬೇಲಿಯೊಳಗೆ ಹೋಗಿರುತ್ತೀರಿ. ಸೋನಿ ಬಾಡಿಗೆ ಸಿಗ್ಮಾ ಲೆನ್ಸ್ ಕೂರುತ್ತದೆ, ಆದರೆ ಸೆಕೆಂಡಿಗೆ ಹದಿನೈದು ಚಿತ್ರಕ್ಕಿಂತ ವೇಗ ಸಿಗುವುದಿಲ್ಲ. ಗಾಜಿನಲ್ಲಿ ದೋಷವಿದೆ ಅಂತಲ್ಲ, ಬೇಲಿ ಹಾಗಿದೆ ಅಂತ. ಕ್ಯಾನನ್‌ನ ಆರ್‌ಎಫ್ ಬೇಲಿ ಇದಕ್ಕಿಂತ ಬಿಗಿ. ಹೀಗಿರುವಾಗ ಬೇರೆ ಬೇರೆ ಕಂಪನಿಗಳ ಲೆನ್ಸುಗಳನ್ನು ತೂಗಿ ನೋಡುವುದು ಮದುವೆಯಾದ ಮೇಲೆ ಜಾತಕ ಕೂಡಿಸಿದ ಹಾಗೆ. ಕೂಡಿಬರದಿದ್ದರೆ ಏನು ಮಾಡುತ್ತೀರಿ? ಬಾಡಿ ಮಾರುತ್ತೀರಿ, ನಷ್ಟಕ್ಕೆ. ಅದನ್ನೇ ಅಲ್ಲವೇ ಈ ಹೋಲಿಕೆಗಳೆಲ್ಲ ನಿಮ್ಮ ಕಿವಿಯಲ್ಲಿ ಊದುತ್ತಿರುವುದು?

ತಮ್ಮನ ವಿಷಯದಲ್ಲಿ ಆ ನಷ್ಟಕ್ಕೆ ಒಂದು ವಾಸನೆಯಿದೆ, ಹೊಗೆಸೊಪ್ಪಿನದು. ಚಿಕ್ಕಪ್ಪ ಸೌದೆ ಹೊಂಚಿ, ಬ್ಯಾರನ್ನಿನ ಮುಂದೆ ರಾತ್ರಿ ನಿದ್ದೆಗೆಟ್ಟು ಹದಮಾಡಿದ ಸೊಪ್ಪು ಹರಾಜಿಗೆ ಹೋಗಿ ಬಂದ ದುಡ್ಡು. ಲಕ್ಷದ ಮೇಲಿನ ಲೆನ್ಸು ಆ ಮನೆಯಲ್ಲಿ ಬರೀ ಹವ್ಯಾಸವಲ್ಲ. ಅದಕ್ಕೇ ನನಗೆ ಸಿಟ್ಟು.

ನಿಜವಾದ ವ್ಯತ್ಯಾಸಗಳು ಇಲ್ಲವೆಂದಲ್ಲ, ಇವೆ. ಆದರೆ ಅವು ಸಪ್ಪೆ, ಅವನ್ನು ಹಿಡಿದು ಯಾರೂ ಜಗಳವಾಡುವುದಿಲ್ಲ. ಸೋನಿ ಮತ್ತು ನಿಕಾನ್ ಲೆನ್ಸುಗಳು ಜೂಮ್ ಮಾಡಿದಾಗ ಉದ್ದವಾಗುವುದಿಲ್ಲ, ಸಿಗ್ಮಾದ್ದು ಆಗುತ್ತದೆ. ಎಚ್.ಡಿ. ಕೋಟೆ ಕಡೆಯ ಮಣ್ಣುದಾರಿಯಲ್ಲಿ ಜೀಪಿನ ಹಿಂದೆ ಏಳುವ ಧೂಳನ್ನು ಕಂಡವರಿಗೆ ಇದು ಸಣ್ಣ ಮಾತಲ್ಲ. ಎರಡು ಕಿಲೋ ಹೊತ್ತು ಮೂರು ಗಂಟೆ ನಿಮ್ಮ ಮಣಿಕಟ್ಟು ನಿಲ್ಲುತ್ತದೆಯೇ? ಕೆಟ್ಟರೆ ರಿಪೇರಿಗೆ ಎಷ್ಟು ದೂರ ಕಳಿಸಬೇಕು? ಗೆಳೆಯರಲ್ಲಿ ಯಾರ ಹತ್ತಿರ ಅದೇ ಮೌಂಟ್ ಇದೆ, ಎರವಲು ಸಿಗುತ್ತದೆಯೇ? ಬೆಂಗಳೂರಿನಲ್ಲಿ ಈ ಲೆನ್ಸುಗಳು ಬಾಡಿಗೆಗೆ ಸಿಗುತ್ತವೆ. ಎರಡು ದಿನ ಹೊತ್ತು ತಿರುಗಿ, ಆಮೇಲೆ ಸೆಕೆಂಡ್ ಹ್ಯಾಂಡ್ ನೋಡಿ. ಇಷ್ಟೇ. ಇದಕ್ಕೆ ಮೂರು ತಿಂಗಳು ಬೇಡ.

‘ಆದರೆ ಹುಲಿ ಹತ್ತಿರ ಬರುವುದಿಲ್ಲವಲ್ಲ ಅಕ್ಕಾ, ಜೀಪಿನಿಂದ ಇಳಿದು ಏಳು ಹೆಜ್ಜೆ ನಡೀಲಾ?’ ತಮ್ಮನ ಪ್ರಶ್ನೆ ಸರಿಯಾದದ್ದೇ. ನಡೆಯಬೇಡ ಮಾರಾಯ. ಪ್ರಾಣಿಯಿಂದ ದೂರ ನಿಲ್ಲುವುದು ಮರ್ಯಾದೆ, ಹಕ್ಕಿಯ ಗೂಡಿನಿಂದ ಇನ್ನೂ ದೂರ. ಉದ್ದ ಲೆನ್ಸಿಗೆ ಇರುವ ಒಳ್ಳೆಯ ಸಮರ್ಥನೆ ಅದೊಂದೇ. ಆದರೆ ಆ ದೂರವನ್ನು ಲೆನ್ಸು ಅಳಿಸಿಹಾಕುತ್ತದೆ ಎಂದು ನಂಬಬೇಡ. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದಾಗ ಆಚೆ ದಡದಲ್ಲಿ ಆನೆಗಳು ಸೇರುತ್ತವೆ. ಮಧ್ಯದಲ್ಲಿ ಬಿಸಿಲ ಝಳ ಕುದಿಯುತ್ತಿರುತ್ತದೆ, ಯಾವ ಕಂಪನಿಯ ಗಾಜಿನಲ್ಲೂ ಆನೆ ನೀರಿನಲ್ಲಿ ಅದ್ದಿದ ಚಿತ್ರದ ಹಾಗೆ ಕದಡುತ್ತದೆ. ಅದೇ ನಾಗರಹೊಳೆಯಲ್ಲಿ 1990ರ ದಶಕದಲ್ಲಿ ಉಲ್ಲಾಸ ಕಾರಂತರು ಹುಲಿಗಳನ್ನು ಒಂದೊಂದಾಗಿ ಪಟ್ಟೆಯಿಂದ ಗುರುತಿಸಿದ್ದು ಜೂಮ್ ಲೆನ್ಸಿನಿಂದಲ್ಲ, ಕಾಡುದಾರಿಯ ಅಕ್ಕಪಕ್ಕ ಕಟ್ಟಿದ ಕ್ಯಾಮೆರಾಗಳಿಂದ. ಹುಲಿ ಯಾವ ದಾರಿಯಲ್ಲಿ ನಡೆಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಮೈಸೂರಿನ ಕೃಪಾಕರ-ಸೇನಾನಿ ಸೀಳುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದರು. ಆ ವರ್ಷಗಳ ಬಗ್ಗೆ ಚಹಾದಂಗಡಿಯಲ್ಲಿ ಯಾರೂ ಕೇಳುವುದಿಲ್ಲ, ಯಾವ ಲೆನ್ಸು ಎಂದು ಕೇಳುತ್ತಾರೆ.

ಕಾಡಿನಲ್ಲಿ ಮರ್ಯಾದೆಯಾದ ಈ ದೂರ ಮಧ್ಯಾಹ್ನದ ಹೊತ್ತಿಗೆ ಬೈಲಕುಪ್ಪೆಯಲ್ಲಿ ಬೇರೆಯೇ ಆಗುತ್ತದೆ. ಅದೇ ಲೆನ್ಸು, ಅದೇ ಕಣ್ಣು. ಅಂಗಳದಲ್ಲಿ ಚೆಂಡಾಡುವ ಪುಟ್ಟ ಲಾಮಾಗಳನ್ನು ಮರದ ಮರೆಯಿಂದ ‘ಹೊಡೆಯುತ್ತಾರೆ’. ಒಬ್ಬ ಹುಡುಗ ಮುಖಕ್ಕೆ ಕೆಂಪು ವಸ್ತ್ರ ಮುಚ್ಚಿಕೊಂಡದ್ದನ್ನು ನೋಡಿ ‘ಕ್ಯಾಂಡಿಡ್ ಹಾಳಾಯ್ತು’ ಎಂದವರನ್ನು ನಾನು ಕೇಳಿಸಿಕೊಂಡಿದ್ದೇನೆ.

ಬೇರೆಯವರನ್ನು ಅಂದರೇನು ಬಂತು. 1960ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ಕೊಟ್ಟ ಕಾಡುಜಾಗಕ್ಕೆ ಬಂದು ನೆಲೆನಿಂತ ಟಿಬೆಟನ್ನರ ಬಾಯಲ್ಲಿ ನಮ್ಮ ಕನ್ನಡ ಏನಾಗಿದೆ ಎಂಬುದು ನನ್ನ ಪಿಎಚ್‌ಡಿ ವಿಷಯ. ಹಾಸ್ಟೆಲ್ ಗೆಳತಿಯ 150-600 ಎರವಲು ತಂದು, ಜೋಳದ ಹೊಲದ ಬದುವಿನಲ್ಲಿ ಕೂತಿದ್ದ ಒಬ್ಬ ಅಜ್ಜಿಯ ಚಿತ್ರವನ್ನು ರಸ್ತೆಯಿಂದಲೇ ತೆಗೆದೆ. ಒಳ್ಳೆಯ ಚಿತ್ರ. ಸುಕ್ಕುಸುಕ್ಕೂ ಕಾಣುತ್ತಿತ್ತು. ವಿಭಾಗದ ಸೆಮಿನಾರಿನಲ್ಲಿ ತೋರಿಸಿದೆ, ಹೊಗಳಿದರು. ಪ್ರಿಂಟು ಹಾಕಿಸಿ ಅಜ್ಜಿಗೆ ಕೊಡಲು ಹೋದೆ. ಅವರು ಬಹಳ ಹೊತ್ತು ನೋಡಿ ಕೇಳಿದರು:

‘ನೀನು ಎಲ್ಲಿ ಇದ್ದೆ?’

ರಸ್ತೆ ತೋರಿಸಿದೆ.

‘ಅಷ್ಟು ದೂರ ಯಾಕೆ ನಿಂತೆ? ನನ್ನ ಮೇಲೆ ಕೋಪ ಇತ್ತಾ?’

ಆ ಚಿತ್ರವನ್ನು ಪ್ರಬಂಧದಿಂದ ತೆಗೆದಿದ್ದೇನೆ. ಮುಂದಿನ ಸಲ ಫೋನ್ ಮಾತ್ರ ಒಯ್ದೆ, ತಮ್ಮನನ್ನೂ ಕರೆದುಕೊಂಡು ಹೋದೆ. ಅಜ್ಜಿ ಮೊದಲು ಉಪ್ಪು-ಬೆಣ್ಣೆಯ ಚಹಾ ಕೊಟ್ಟರು. ತಮ್ಮ ಮುಖ ಹಿಂಡಿಕೊಂಡೇ ಕುಡಿದ, ಅವರು ನಕ್ಕರು. ಆಮೇಲೆ ಒಳಗೆ ಹೋಗಿ ತಲೆ ಬಾಚಿಕೊಂಡು ಬಂದು, ಬಾಗಿಲ ಬೆಳಕಿಗೆ ಮುಖಮಾಡಿ ಕೂತರು.